ಆ ಕುಂಕುಮಕ್ಕೆ ಬಣ್ಣ ಬೆರೆಸಿದವಳು ನಾನು

ಗಿರಿಜಾ, ವಸಂತಮ್ಮನವರ ಹಣೆಯ ಮೇಲೆ ಬಿಳಿ ಮಚ್ಚೆ ಬಿದ್ದದ್ದು ನಿನ್ನ ಬಿಳಿಗಾರದ ಅಳತೆಯಿಂದಲ್ಲ. ಆ ಸಲದ ಕುಂಕುಮಕ್ಕೆ ಅಂಗಡಿಯ ಬಣ್ಣ ಬೆರೆಸಿದವಳು ನಾನು. ನಾಲ್ಕು ವರ್ಷ ನಿನಗೆ ಹೇಳಲಿಲ್ಲ.

ಶಂಕರಪುರದ ನಮ್ಮ ಮನೆಯ ಹಾಲ್‌ನಲ್ಲಿ ನಾವಿಬ್ಬರೂ ಶುರು ಮಾಡಿದ ಕೆಲಸ ಅದು — ಅರಿಶಿನ, ನಿಂಬೆರಸ, ಚೂರು ಬಿಳಿಗಾರ, ನೆರಳಿನಲ್ಲಿ ಒಣಗಿಸುವುದು, ಅಷ್ಟೇ. ಪ್ಲಾಸ್ಟಿಕ್ ಬೇಡವೆಂದು ಹಟ ಹಿಡಿದು ಕಾಗದದ ಡಬ್ಬಿ ಮಾಡಿಸಿದವಳು ನೀನು. ಡಬ್ಬಿಯ ಮೇಲೆ ‘ರಾಸಾಯನಿಕ ಬಣ್ಣ ಇಲ್ಲ’ ಎಂದು ಕಾನ್ವೆಂಟಿನ ದುಂಡು ಅಕ್ಷರದಲ್ಲಿ ಬರೆಯುತ್ತಿದ್ದವಳು ನಾನು. ಪ್ರತಿ ಸಲವೂ ತುಂಬುವ ಮೊದಲು ನೀನು ಮೊಣಕೈಯ ಒಳಬದಿಗೆ ಹಚ್ಚಿಕೊಂಡು ಒಂದು ದಿನ ಕಾಯುತ್ತಿದ್ದೆ. "ಇದೇ ನಮ್ಮ ಲ್ಯಾಬು ಕಣೆ" ಎಂದು ಕೈ ಚಾಚಿ ತೋರಿಸುತ್ತಿದ್ದೆ.

ವರಮಹಾಲಕ್ಷ್ಮಿ ಹಬ್ಬ ಹತ್ತಿರವಿತ್ತು. ಸಂಪಿಗೆ ರಸ್ತೆಯ ಅಂಗಡಿಯವರು, "ಬಣ್ಣ ಮಂಕು ಮೇಡಂ, ಮುಚ್ಚಳ ತೆಗೆದು ಮೂಗು ಮುರೀತಾರೆ" ಎಂದರು. ನೀನು ಬಿಡಲಿಲ್ಲ — "ಅರಿಶಿನದ ಬಣ್ಣ ಇರೋದೇ ಹಾಗೆ ಸಾರ್. ನಾವೇನು ಲಿಪ್‌ಸ್ಟಿಕ್ ಮಾಡ್ತಿದೀವಾ?"

ಮರುದಿನ ನೀನು ಮೈಸೂರಿಗೆ ಹೋದೆ. ನಾನು ಚಿಕ್ಕಪೇಟೆಗೆ ಹೋದೆ. ಬಣ್ಣ ಮಾರುವವನು ಪೊಟ್ಟಣ ಕಟ್ಟುವ ಮೊದಲು ಕೇಳಿದ, "ಹಣೆಗೆ ಹಚ್ಚೋಕಲ್ಲ ತಾನೆ? ಇದು ರಂಗೋಲಿಗೆ ಮಾತ್ರ ಅಮ್ಮಾ."

"ರಂಗೋಲಿಗೇ" ಎಂದೆ.

ಗೊತ್ತಿಲ್ಲದೆ ಮಾಡಿದೆ ಎನ್ನಲು ಅದಕ್ಕೇ ನನಗೆ ಬಾಯಿಲ್ಲ. ನೀನು ಫೋನ್ ಮಾಡಿದಾಗ, ನಾನೇ ಕೈಗೆ ಹಚ್ಚಿಕೊಂಡು ನೋಡಿದೆ, ಏನೂ ಆಗಲಿಲ್ಲ ಎಂದೆ. ಹಚ್ಚಿಕೊಂಡಿರಲಿಲ್ಲ.

ಆ ಕುಂಕುಮ ಹಚ್ಚಿಕೊಂಡ ಎದುರು ಮನೆಯ ವಸಂತಮ್ಮನವರಿಗೆ ಮೊದಲು ತುರಿಕೆ, ಆಮೇಲೆ ಕಪ್ಪು, ಆಮೇಲೆ ಎರಡು ರೂಪಾಯಿ ನಾಣ್ಯದಷ್ಟು ಬಿಳುಪು. ಅರಿಶಿನ ಕುಂಕುಮಕ್ಕೆ ಕರೆದವರ ಮನೆಗೆ ಹೋಗುವುದನ್ನೇ ಬಿಟ್ಟರು. ನೀನು ಅವರ ಕೈ ಹಿಡಿದು, "ಬಿಳಿಗಾರ ಜಾಸ್ತಿ ಹಾಕ್ಬಿಟ್ಟಿದೀನಿ ಅನ್ಸತ್ತೆ ಆಂಟಿ, ನನ್ನದೇ ತಪ್ಪು" ಎಂದು ಅತ್ತೆ. ನಾನು ಪಕ್ಕದಲ್ಲೇ ಇದ್ದೆ. ಸೆರಗಿನ ಪಿನ್ ಸರಿಮಾಡಿಕೊಳ್ಳುತ್ತಾ ನಿಂತಿದ್ದೆ. ಅಂಗಡಿಯಲ್ಲಿ ಉಳಿದ ಡಬ್ಬಿಗಳನ್ನು ಸದ್ದಿಲ್ಲದೆ ವಾಪಸ್ ತಂದೆ. ಎಷ್ಟು ಮಾರಾಟವಾಗಿದ್ದವು ಎಂದು ಕೇಳುವ ಧೈರ್ಯ ಬರಲಿಲ್ಲ. ನೀನು ಕೆಲಸ ನಿಲ್ಲಿಸಿದೆ. ನಾನು ತಡೆಯಲಿಲ್ಲ.

ಕಳೆದ ತಿಂಗಳು ನಿನ್ನ ಮಗಳ ಮದುವೆಗೆ ನೀನು ಅಂಗಡಿಯ ಕುಂಕುಮ ತರಿಸಿದ್ದೆ. ಯಾಕೆ ಎಂದು ನಾನು ಕೇಳಿದ್ದಕ್ಕೆ, "ನನ್ನ ಕೈ ಅಳತೆ ಮೇಲೆ ನಂಗೇ ನಂಬಿಕೆ ಇಲ್ಲ ಬಿಡೆ" ಎಂದು ನಕ್ಕೆ. ಆ ನಗು —

ನಿನ್ನೆ ವಸಂತಮ್ಮನವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಬೈದಿದ್ದರೆ ಸುಲಭವಾಗುತ್ತಿತ್ತು. ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸಿ, "ಗಿರಿಜಾಗೆ ಗೊತ್ತಾ?" ಎಂದರು.

"ಇಲ್ಲ ಆಂಟಿ."

"ಅವಳು ಇವತ್ತಿಗೂ ನನ್ನ ಮುಖ ನೋಡಿ ಮಾತಾಡಲ್ಲ ಕಣಮ್ಮಾ. ಮೊದ್ಲು ಅವಳಿಗೆ ಹೇಳು. ನನ್ನದು ಆಮೇಲೆ."

ಆದ್ದರಿಂದ ಹೇಳುತ್ತಿದ್ದೇನೆ. ನಿನ್ನ ಅಳತೆ ಸರಿಯಾಗಿಯೇ ಇತ್ತು, ಗಿರಿಜಾ.