ಗಿರಿಜಾ ಆಂಟಿಯ ಹನ್ನೊಂದು ಅಡ್ಮಿಶನ್ನುಗಳು

ಗಿರಿಜಾ ಆಂಟಿ ಮಿಶಿಗನ್ನಿನ ನೋವೈಯಲ್ಲಿದ್ದ ಇಪ್ಪತ್ತು ವರ್ಷಗಳಲ್ಲಿ ಹನ್ನೊಂದು ಸಲ ಕಾಲೇಜು ಸೇರಿದರು. ಒಂದು ಸಲವೂ ಕೊನೆಯ ಪರೀಕ್ಷೆಗೆ ಕೂರಲಿಲ್ಲ.

ಹನ್ನೊಂದು ಸಲವೂ ಹೊಸ ನೋಟ್‌ಬುಕ್ಕು, ಚೂಪು ಮಾಡಿದ ಎರಡು ಪೆನ್ಸಿಲ್ಲು, ಸ್ಟೀಲ್ ಡಬ್ಬಿಯಲ್ಲಿ ಹಚ್ಚಿದ ಅವಲಕ್ಕಿ. ಹೆಗಲಿಗೆ ಅವರ ಮಗಳು ಹೈಸ್ಕೂಲಿನ ಕಾಲದಲ್ಲಿ ಬಿಟ್ಟುಹೋದ ನೇರಳೆ ಬಣ್ಣದ ಬ್ಯಾಗು. ಹಣೆಯಲ್ಲಿ ಕುಂಕುಮ, ಕುಂಕುಮದ ಅಂಚಿನವರೆಗೆ ಎಳೆದ ಉಣ್ಣೆಯ ಟೋಪಿ, ಕೊರಳಲ್ಲಿ ಕಾಲೇಜಿನ ಐಡಿ ಕಾರ್ಡು. ಆ ಬ್ಯಾಗು ಬೀರುವಿನಿಂದ ಹೊರಬಂತೆಂದರೆ ಅವರ ಯಜಮಾನರು ಶಿವಾನಂದ ಅಂಕಲ್ ಪೇಪರಿನಿಂದ ತಲೆ ಎತ್ತದೆ ಕೇಳುತ್ತಿದ್ದರು: "ಈ ಸಲ ಯಾರ ಮನಿ ಅಡಗಿಗೆ ಸೂಟಿ?" ಅಂಕಲ್ ಜೀವಮಾನವೆಲ್ಲ ಕಾರಿನ ಬ್ರೇಕು ವಿನ್ಯಾಸ ಮಾಡಿ ನಿವೃತ್ತರಾದವರು. ಹೆಂಡತಿಗೆ ಮಾತ್ರ ಬ್ರೇಕು ಹಾಕಲು ಎಂದೂ ಹೋಗಲಿಲ್ಲ.

ಒಂಬತ್ತು ವರ್ಷದ ಕೆಳಗೆ ಆ ಸೂಟಿ, ಅಂದರೆ ರಜೆ, ಸಿಕ್ಕಿದ್ದು ನಮ್ಮ ಮನೆಯ ಅಡುಗೆಗೆ.

ನಾನಾಗ ಅಮೆರಿಕಕ್ಕೆ ಬಂದು ಎಂಟು ವರ್ಷವಾಗಿತ್ತು. ಮೈಸೂರಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಾಗ ಮದುವೆಯಾಗಿ ಓದು ಅಲ್ಲಿಗೇ ನಿಂತಿತ್ತು. ಗಂಡ ನವೀನ್ ಬೆಳಿಗ್ಗೆ ಏಳಕ್ಕೆ ಫ್ರೀವೇ ಹಿಡಿಯುತ್ತಿದ್ದ, ಮಗಳು ಸಿರಿ ಎಂಟಕ್ಕೆ ಸ್ಕೂಲ್ ಬಸ್ಸು ಹತ್ತುತ್ತಿದ್ದಳು. ಆಮೇಲೆ ಮನೆಯಲ್ಲಿ ಸದ್ದು ಮಾಡುವವರೆಂದರೆ ನಾನು ಮತ್ತು ಡಿಶ್‌ವಾಷರ್. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡಬೇಕೆಂಬ ಒಂದು ಆಸೆ ಇತ್ತು. ಅದನ್ನು ನಾನು ಯಾರ ಎದುರಿಗೂ ಹೇಳುತ್ತಿರಲಿಲ್ಲ. ಹೇಳಿದರೆ "ಮಾಡು ಮತ್ತೆ" ಎಂದುಬಿಟ್ಟರೆ ಏನು ಗತಿ?

ಒಂದು ಭಾನುವಾರ ಗುಡಿಯ ಅಡುಗೆಮನೆಯಲ್ಲಿ ಪ್ರಸಾದಕ್ಕೆ ಬೀನ್ಸ್ ಹೆಚ್ಚುತ್ತಿದ್ದಾಗ ಬಾಯಿ ಜಾರಿ ಹೇಳಿದ್ದು ಗಿರಿಜಾ ಆಂಟಿಯ ಎದುರಿಗೆ.

"ಓದು ಅರ್ಧಕ್ಕೆ ನಿಂತೋಯ್ತು ಆಂಟಿ. ಈಗೇನ್ ಬಿಡಿ, ಮೂವತ್ತು ಆಯ್ತು."

"ನಿಂತಿದ್ದು ಮತ್ತ ಚಾಲೂ ಆಗೂದಿಲ್ಲೇನು? ಚಳಿಗಾಲದಾಗ ಬ್ಯಾಟರಿ ಸತ್ತ ಕಾರಿಗೆ ಬಾಜೂಕಿನ ಕಾರಿಂದ ವೈರ್ ಹಚ್ಚಿ ಚಾಲೂ ಮಾಡ್ತಾರಲ್ಲವಾ, ಹಂಗ," ಎಂದರು. ಅಷ್ಟೇ. ಮಾತು ಬೀನ್ಸಿನ ನಾರಿಗೆ ತಿರುಗಿತು.

ಮರುದಿನ ಹತ್ತು ಗಂಟೆಗೆ ನಮ್ಮ ಬಾಗಿಲಲ್ಲಿ ನೇರಳೆ ಬ್ಯಾಗು. ಹೊರಗೆ ಮೈನಸ್ ಹನ್ನೆರಡು ಡಿಗ್ರಿ ಚಳಿ.

"ನಿನ್ನಿಂದ ನನಗೊಂದು ಉಪಕಾರ ಆಗಬೇಕು ರೇಖಾ. ಕಾಲೇಜ್ ಸೇರಬೇಕಂತ ಮಾಡೀನಿ. ಒಬ್ಬಾಕಿನ ಹೋಗಾಕ ಅಂಜಿಕಿ ಬರ್ತೈತಿ. ನೀ ಜೋಡಿ ಬಾ, ಸುಮ್ನ ಬಾಜೂಕ ಕುಂದ್ರು, ಸಾಕು."

ಅರವತ್ತು ಹತ್ತಿರವಾದ ಹೆಂಗಸು ಹೀಗೆ ಕೇಳಿದರೆ ಇಲ್ಲ ಎನ್ನಲಾದೀತೆ? ಪಾಪ ಎಂದುಕೊಂಡು ಹೊರಟೆ. ಪಾಪ ಯಾರೆಂಬುದು ನನಗೆ ಗೊತ್ತಾಗಲು ತಿಂಗಳ ಮೇಲೆ ಬೇಕಾಯಿತು.

ಯಾವ ವಯಸ್ಸಿನವರೂ ಸೇರಬಹುದಾದ ಕಮ್ಯುನಿಟಿ ಕಾಲೇಜು ನಮ್ಮ ಬಡಾವಣೆಯಿಂದ ಎಂಟು ಮೈಲಿ. ಅಡ್ಮಿಶನ್ ಕೌಂಟರಿನ ಹೆಂಗಸು ನಮ್ಮನ್ನು ನೋಡಿದ್ದೇ ಎರಡೂ ಕೈ ಚಾಚಿ "ವೆಲ್‌ಕಮ್ ಬ್ಯಾಕ್, ಗಿರಿಜಾ!" ಎಂದಳು. ಆಂಟಿ ದೊಡ್ಡದಾಗಿ ಕೆಮ್ಮಿದರು. ಈ ದೇಶದಲ್ಲಿ ಎಲ್ಲರಿಗೂ ಎಲ್ಲದಕ್ಕೂ ವೆಲ್‌ಕಮ್ ಹೇಳುತ್ತಾರೆ ಎಂದುಕೊಂಡೆ.

ಅಲ್ಲಿ ಸಾಲಾಗಿ ಕಂಪ್ಯೂಟರುಗಳು. ಆಂಟಿ ಒಂದರ ಮುಂದೆ ಕುಳಿತು, ಪಕ್ಕದ್ದನ್ನು ನನ್ನತ್ತ ತಿರುಗಿಸಿದರು. "ನೀ ನಿಂದು ತುಂಬತಾ ಹೋಗು, ನಾ ನೋಡಿ ನಂದು ತುಂಬತೀನಿ. ನನಗ ಇದೆಲ್ಲಾ ತಿಳಿಯೂದಿಲ್ಲ."

ಮಾದರಿಗೆಂದು ನನ್ನ ಹೆಸರು ಹಾಕಿದೆ. ವಿಳಾಸ, ವೀಸಾ, ಹೈಸ್ಕೂಲು ಮುಗಿಸಿದ ವರ್ಷ. ಹೊಸ ವಿದ್ಯಾರ್ಥಿಯೋ, ಹಿಂದೆ ಇಲ್ಲಿ ಓದಿದವರೋ ಎಂಬ ಪ್ರಶ್ನೆ ಬಂದಾಗ ಆಂಟಿ ಕತ್ತು ಚಾಚಿ, "ಹೊಸಬಾಕಿ ಅಂತ ಒತ್ತು. ಹೊಸಬರಿಗೆ ಛಲೋ ಮಾತಾಡಸ್ತಾರ," ಎಂದರು. ಕೊನೆಯಲ್ಲಿ ಸಬ್ಮಿಟ್ ಗುಂಡಿ. ನನ್ನ ಬೆರಳು ನಿಂತಿತು.

"ಇದು ಬೇಡ ಆಂಟಿ. ನಂದು ಬರೀ ಸ್ಯಾಂಪಲ್ ತಾನೇ?"

"ಒತ್ತಿದ್ರನ ಮುಂದ ಏನ್ ಬರ್ತೈತಿ ಅಂತ ಗೊತ್ತಾಗೂದು. ನಾ ಸುಳ್ಳ ತಪ್ಪ ಒತ್ತಿದ್ರ?"

ಒತ್ತಿದೆ. ಮನೆಗೆ ಬಂದು ಫೋನು ನೋಡುವಷ್ಟರಲ್ಲಿ ನನ್ನ ಹೆಸರಿಗೆ ಒಂದು ವಿದ್ಯಾರ್ಥಿ ಸಂಖ್ಯೆ ಬಂದಿತ್ತು. ಅದನ್ನು ನೋಡಿದ ಸಿರಿ ಕುಣಿದಾಡಿದಳು: "ಅಮ್ಮಾ, ಯು ವಿಲ್ ಹ್ಯಾವ್ ಹೋಮ್‌ವರ್ಕ್!"

ಆ ವಾರವೇ ಗಣಿತದ ಪ್ರವೇಶ ಪರೀಕ್ಷೆ. ಯಾರು ಯಾವ ಮಟ್ಟದ ಕ್ಲಾಸಿನಲ್ಲಿ ಕೂರಬೇಕೆಂದು ನಿರ್ಧರಿಸುವುದಕ್ಕೆ. ನನಗೆ ಭಿನ್ನರಾಶಿ ಕೂಡಿಸುವುದೇ ಮರೆತುಹೋಗಿತ್ತು. ತೀರಾ ಕೆಳಗಿನ ಕ್ಲಾಸಿಗೆ ಬಿದ್ದೆ. ನಾಚಿಕೆಯಿಂದ ಹೊರಬಂದರೆ ಆಂಟಿಯ ಚೀಟಿಯಲ್ಲೂ ಅದೇ ಕ್ಲಾಸು. "ನಂದೂ ಅಷ್ಟನವಾ. ಎಲ್ಲಾ ಮರ್ತು ಹೋಗೈತಿ," ಎಂದು ಅವಲಕ್ಕಿ ಡಬ್ಬಿ ತೆರೆದರು. ಆ ದಿನ ಆ ಅವಲಕ್ಕಿಯಿಂದಾದ ಸಮಾಧಾನ ದೊಡ್ಡದು.

ಕ್ಲಾಸು ಶುರುವಾಗುವ ಹಿಂದಿನ ದಿನ ಆಂಟಿ ನನ್ನನ್ನು ಖಾಲಿ ಕಾಲೇಜಿಗೆ ಕರೆದೊಯ್ದರು. ಕಾರು ಎಲ್ಲಿ ನಿಲ್ಲಿಸಬೇಕು, ಯಾವ ಬಾಗಿಲು, ಎಷ್ಟು ಮೆಟ್ಟಿಲು, ಟಾಯ್ಲೆಟ್ ಎಲ್ಲಿ, ಎಲ್ಲವನ್ನೂ ನಡೆದು ನೋಡಿದೆವು. ಕ್ಲಾಸಿನೊಳಗೆ ಹೋಗಿ ಒಂದು ಕುರ್ಚಿಯಲ್ಲಿ ಕೂರಿಸಿದರು. "ಒಮ್ಮೆ ಕುಂತು ಎದ್ದ ಕುರ್ಚಿ ಮರುದಿನ ಹೆದರಸೂದಿಲ್ಲ," ಎಂದರು. ಇದು ಅವರ ಪದ್ಧತಿ. ಈಗ ನಾನೂ ಹೊಸ ಜಾಗಕ್ಕೆ ಹಾಗೆಯೇ ಒಂದು ದಿನ ಮೊದಲು ಹೋಗಿಬರುತ್ತೇನೆ.

ಕ್ಲಾಸಿನಲ್ಲಿ ಅವರನ್ನು ನೋಡಬೇಕಿತ್ತು. ನನಗೆ ಬಾಯಿಗೆ ಬಂದು ನಿಂತ ಪ್ರಶ್ನೆ ಹೇಗೆ ತಿಳಿಯುತ್ತಿತ್ತೋ, ತಾವೇ ಕೈ ಎತ್ತಿ ಕೇಳುತ್ತಿದ್ದರು, ತಮಗೇ ಅರ್ಥವಾಗದವರಂತೆ. ಎರಡನೇ ವಾರ ಇಡೀ ಕ್ಲಾಸಿಗೆ ಶೇಂಗಾ ಹೋಳಿಗೆ ಮಾಡಿ ತಂದರು. ಮೇಷ್ಟ್ರು ಮಿಸ್ಟರ್ ಕಾರ್ಲ್ ಒಂದನ್ನು ಬಾಯಿಯ ತನಕ ಒಯ್ದು, ಒಳಗೇನಿದೆ ಎಂದು ಕೇಳಿ, ಪೀನಟ್ ಎಂದದ್ದೇ ಕುರ್ಚಿಸಮೇತ ಮೂರಡಿ ಹಿಂದೆ ಸರಿದರು. ಅವರಿಗೆ ಶೇಂಗಾ ಮುಟ್ಟಿದರೂ ಮೈ ಊದಿಕೊಳ್ಳುತ್ತಿತ್ತು. ಆಂಟಿ ಡಬ್ಬಿಯ ಮುಚ್ಚಳ ಬಡಿದು ಮುಚ್ಚಿದರು. ಅಂದಿನಿಂದ ಯಾರ ಪರಿಚಯವಾದರೂ ಹೆಸರಿಗಿಂತ ಮೊದಲು "ಶೇಂಗಾ ನಡೀತೈತೇನು?" ಎಂಬ ಪ್ರಶ್ನೆ, ಇಂಗ್ಲಿಷಿನಲ್ಲಿ. ಮುಂದಿನ ಕ್ಲಾಸಿಗೆ ಮೇಷ್ಟ್ರಿಗೆಂದೇ ಬೇರೆ ಬಾಣಲೆಯಲ್ಲಿ ಶಂಕರಪಾಳಿ ಬಂತು.

ಮೂರನೇ ವಾರದ ಮಂಗಳವಾರ ಆಂಟಿಯ ಕುರ್ಚಿ ಖಾಲಿ. ಗುರುವಾರವೂ ಆಂಟಿ ಬರಲಿಲ್ಲ. ಮೇಷ್ಟ್ರು ಹಾಜರಿ ಕರೆದಾಗ ಅವರ ಹೆಸರೇ ಇಲ್ಲ. ಕಾರಿನಿಂದಲೇ ಫೋನು ಮಾಡಿದೆ.

"ಡ್ರಾಪ್ ಮಾಡೀನಿ. ಕ್ಲಾಸ್ ಬಿಡಾಕ ಸೋಮವಾರ ಕಡೀ ದಿನ ಇತ್ತು," ಎಂದರು ತಣ್ಣಗೆ.

"ಏನ್ ಆಂಟಿ, ಹೀಗ್ ಮೋಸ ಮಾಡ್ಬಿಟ್ರಿ! ನಿಮಗೋಸ್ಕರ ತಾನೇ ನಾನು ಬಂದಿದ್ದು?"

"ನಿನ್ನ ಎಡಕ್ಕ ಯಾರು ಕೂಡ್ತಾರ?"

"ಮಾರಿಯಾ."

"ನನ್ನ ಕುರ್ಚಿದಾಗ?"

"ಇವತ್ತು ಡೊರೊಥಿ ಕೂತಿದ್ಲು. ಯಾಕೆ?"

"ಇಬ್ಬರ ಹೆಸರು ಗೊತ್ತಾದ್ವಲ್ಲ. ಇನ್ನ ನಾ ಯಾಕ?"

ಸಿಟ್ಟಿನಲ್ಲಿ ಅವರ ಮನೆಗೇ ಹೋದೆ. ಆಂಟಿ ಒಳಗೆ ಚಹಾ ಮಾಡುತ್ತಿದ್ದರು. ಅಂಕಲ್ ದನಿ ತಗ್ಗಿಸಿ ಹೇಳಿದರು: "ಗದಗಿನಾಗ ಒಂಬತ್ತು ವರ್ಷ ಹೈಸ್ಕೂಲಿಗೆ ಗಣಿತ ಕಲಿಸ್ಯಾಳ ಈಕಿ. ಆ ಪರೀಕ್ಷೆದಾಗ ತಪ್ಪು ಉತ್ತರ ಹುಡುಕಿ ಹುಡುಕಿ ಬರ್ದು ಬಂದಾಳ. ಸರಿ ಬರಿಯೂಕಿಂತ ತಪ್ಪು ಬರಿಯೂದನ ಕಷ್ಟ ಆತು ಅಂತ ಮನೀಗೆ ಬಂದು ಒದರಾಡಿದ್ಲು."

ನಾನು ಏಳನೆಯವಳಂತೆ. ನನಗಿಂತ ಮೊದಲು ಆರು ಜನರ ಪಕ್ಕ ಆಂಟಿ ಹೀಗೆಯೇ ಎರಡೆರಡು ವಾರ ಕುಳಿತಿದ್ದರು: ಅಕೌಂಟಿಂಗ್, ಇಂಗ್ಲಿಷ್, ಮಕ್ಕಳ ಆರೈಕೆ. ಗಡುವಿನೊಳಗೆ ಬಿಟ್ಟರೆ ಕಾಲೇಜಿನ ದಾಖಲೆಯಲ್ಲಿ ಹೆಸರೇ ಉಳಿಯುವುದಿಲ್ಲ. ಹಾಗಾಗಿ ಅಷ್ಟು ಕ್ಲಾಸುಗಳ ನೆಲ ತುಳಿದ ಗಿರಿಜಾ ಆಂಟಿ ಕಾಗದದ ಮೇಲೆ ಏನೂ ಓದಿಲ್ಲ.

ಅಂದು ಚಹಾ ಕುಡಿಯುವಾಗ ಟೀಪಾಯಿಯ ಮೇಲಿದ್ದ ಕಾಲೇಜಿನ ಕೋರ್ಸುಗಳ ಪುಸ್ತಕ ತಿರುವಿದೆ. ಒಂದು ಪುಟದಲ್ಲಿ ಪೆನ್ಸಿಲ್ಲಿನ ಗುಂಡು ಗೆರೆ. ವೆಲ್ಡಿಂಗ್, ಮೊದಲ ಹಂತ. ಕೆಳಗಿನ ಕಪಾಟಿನಲ್ಲಿ ಹಳೆಯ ವರ್ಷಗಳ ಪುಸ್ತಕಗಳಿದ್ದವು. ಎಲ್ಲದರಲ್ಲೂ ಅದೇ ಕೋರ್ಸಿಗೆ ಅದೇ ಗುಂಡು ಗೆರೆ.

"ಇದ್ಯಾರಿಗೆ ಆಂಟಿ?"

ಆಂಟಿ ಬಟ್ಟಲು ಕೆಳಗಿಟ್ಟರು. "ನಮ್ಮಪ್ಪಂದು ಗದಗಿನಾಗ ಕಿಟಕಿ ಗ್ರಿಲ್ ಮಾಡೂ ಅಂಗಡಿ ಇತ್ತು. ನಮ್ಮಣ್ಣಗ ಕಲಿಸಿದ. ನಾ ಬಾಗಲಾಗ ನಿಂತ್ರ, ಕಣ್ಣ ಹೋಗ್ತಾವು ಒಳಗ ನಡೀ ಅಂತಿದ್ದ. ಗ್ವಾಡಿ ಮ್ಯಾಲ ಆ ಬೆಳಕು ಬಡಿಯೂದನ್ನ ಅಷ್ಟ ನೋಡೀನಿ. ನೀಲಿ ಬೆಳಕು. ಆ ಗ್ವಾಡಿ ನೋಡಕೋತ ಲೆಕ್ಕಾ ಮಾಡ್ತಿದ್ದೆ." ಆಮೇಲೆ ನಕ್ಕರು. "ಮುಂದಿನ ಸಲ ಸೇರ್ತೀನಿ."

ಆ ಮುಂದಿನ ಸಲ ವರ್ಷಗಟ್ಟಲೆ ಬರಲಿಲ್ಲ. ನಾನು ನಾಲ್ಕು ವರ್ಷ ಒದ್ದಾಡಿ ಓದು ಮುಗಿಸಿ, ಆನ್ ಆರ್ಬರಿನ ಒಂದು ಆಸ್ಪತ್ರೆಯ ಲ್ಯಾಬಿಗೆ ಸೇರಿದೆ. ಮೊದಲ ದಿನ ಬಿಳಿ ಕೋಟು ಹಾಕಿ ಅವರಿಗೆ ಫೋಟೋ ಕಳಿಸಿದೆ. ನೇರಳೆ ಬ್ಯಾಗು ಹೊರಬಂದಾಗಲೆಲ್ಲ ಕೇಳುತ್ತಿದ್ದೆ, "ಈ ಸಲ ವೆಲ್ಡಿಂಗ್ ತಾನೇ?" ಪ್ರತಿ ಸಲವೂ ಯಾವಳೋ ಒಬ್ಬಳು ಸಿಕ್ಕಿರುತ್ತಿದ್ದಳು. "ರಾಯಚೂರಿನ ಹುಡುಗಿ, ಪಾಪ, ಇಂಗ್ಲಿಷಿಗೆ ಅಂಜತಾಳ." ಎಂಟು, ಒಂಬತ್ತು, ಹತ್ತು, ಹನ್ನೊಂದು.

ಒಮ್ಮೆ ರೇಗಿಯೇ ಬಿಟ್ಟೆ. "ಎಲ್ಲಾರ್ನೂ ಒಳಗೆ ನೂಕ್ತೀರಾ, ನೀವು ಮಾತ್ರ ಬಾಗಿಲಲ್ಲೇ ನಿಂತಿರ್ತೀರಲ್ಲ ಆಂಟಿ!" ಅವರು ಅಡುಗೆಮನೆಗೆ ಎದ್ದುಹೋದರು. ಹೊರಡುವಾಗ ಕೈಗೆ ಚಟ್ನಿಪುಡಿಯ ಡಬ್ಬಿ ಕೊಟ್ಟರು.

ಹೋದ ವರ್ಷ ಅಂಕಲ್‌ಗೆ ಹೃದಯದ ಆಪರೇಷನ್ ಆಯಿತು. ಮಗಳ ಹತ್ತಿರ ಇರೋಣವೆಂದು ಇಬ್ಬರೂ ಶಿಕಾಗೋ ಕಡೆಯ ವುಡ್‌ರಿಡ್ಜಿಗೆ ಮನೆ ಬದಲಾಯಿಸಿದರು. ನಮ್ಮ ಗುಡಿಯ ಅಡುಗೆಮನೆಯಲ್ಲಿ ಬೀನ್ಸು ಈಗಲೂ ಹೆಚ್ಚುತ್ತೇವೆ, ಮಾತು ಕಡಿಮೆ.

ಆಗಸ್ಟಿನ ಒಂದು ಮಧ್ಯಾಹ್ನ ಅವರ ಫೋನು ಬಂತು. ದನಿ ಸಣ್ಣದಾಗಿತ್ತು.

"ಕಾಲೇಜಿನ ಪಾರ್ಕಿಂಗ್ ಲಾಟಿನಾಗ ಅದೀನಿ ರೇಖಾ. ಇದು ಮೂರನೇ ಸಲ. ವೆಲ್ಡಿಂಗಿಗೆ ಹೆಸರು ಹಚ್ಚೀನಿ. ಬರ್ತೀನಿ, ಕಾರಿನಾಗ ಕೂಡ್ತೀನಿ, ಹಂಗ ಹೊಳ್ಳಿ ಮನೀಗೆ ಹೋಗ್ತೀನಿ. ಇಲ್ಲಿ ನನಗ ಯಾರೂ ಗೊತ್ತಿಲ್ಲವಾ. ಒಬ್ಬಾಕಿನ ಹೋಗಾಕ ಅಂಜಿಕಿ ಬರ್ತೈತಿ."

ಒಂಬತ್ತು ವರ್ಷದ ಹಿಂದೆ ನಮ್ಮ ಬಾಗಿಲಲ್ಲಿ ನಿಂತು ಹೇಳಿದ ಅದೇ ಮಾತು. ಅದನ್ನು ನಾನು ಇಷ್ಟು ದಿನ ನೆಪವೆಂದು ತಿಳಿದಿದ್ದೆ.

ಎರಡು ದಿನ ರಜೆ ಹಾಕಿ ಕಾರು ಹತ್ತಿದೆ. ಐದು ಗಂಟೆಯ ದಾರಿ. ಕ್ಲಾಸಿನ ಹಿಂದಿನ ದಿನ ಅವರನ್ನು ಕರೆದುಕೊಂಡು ಅವರದೇ ಪದ್ಧತಿಯಲ್ಲಿ ನಡೆದೆ: ಪಾರ್ಕಿಂಗ್, ಬಾಗಿಲು, ಟಾಯ್ಲೆಟ್. ವೆಲ್ಡಿಂಗ್ ಶಾಪಿನಲ್ಲಿದ್ದ ಮೇಷ್ಟ್ರನ್ನು ಕೇಳಿ, ತಗಡಿನ ಮರೆಯಿದ್ದ ಒಂದು ಗೂಡಿನೊಳಗೆ ಅವರನ್ನು ನಿಲ್ಲಿಸಿದೆ. ಆಂಟಿ ಕಬ್ಬಿಣದ ಮೇಜನ್ನು ಅಂಗೈಯಿಂದ ಸವರಿದರು.

ಮರುದಿನ ಅಂಕಲ್‌ರ ಹಳೆಯ ಹತ್ತಿಯ ತುಂಬುತೋಳಿನ ಅಂಗಿ, ಜೀನ್ಸು, ಹೊಸ ಚರ್ಮದ ಬೂಟು. ತಾಳಿಯನ್ನು ಅಂಗಿಯೊಳಗೆ ಸೇರಿಸಿ ಕುತ್ತಿಗೆಯ ಗುಂಡಿ ಹಾಕಿಕೊಂಡಿದ್ದರು. ಬಾಗಿಲಲ್ಲಿ ಮೇಷ್ಟ್ರು ಕೈಯ ಚಿನ್ನದ ಪಾಟ್ಲಿ ಬಳೆಗಳನ್ನು ತೋರಿಸಿ, ಅವನ್ನು ಬಿಚ್ಚಬೇಕೆಂದರು. ಆಂಟಿ ಬಿಚ್ಚಿದರು. ನಾಲ್ಕು ದಶಕದ ಬಿಳಿ ಗೆರೆ ಮಣಿಕಟ್ಟಿನ ಸುತ್ತ ಉಳಿಯಿತು. ಪಾಟ್ಲಿಗಳನ್ನು ನನ್ನ ಅಂಗೈಯಲ್ಲಿಟ್ಟು, "ನಾ ಹೊರಗ ಬರೂ ತನಕ ಎಲ್ಲೂ ಹೋಗಬ್ಯಾಡ ಮತ್ತ," ಎಂದು ಒಳಗೆ ಹೋದರು.

ಮೂರು ತಾಸು ಆ ಬೆಚ್ಚನೆಯ ಪಾಟ್ಲಿಗಳನ್ನು ಹಿಡಿದು ಬೆಂಚಿನ ಮೇಲೆ ಕುಳಿತಿದ್ದೆ. ಕೊನೆಯ ಅರ್ಧ ತಾಸಿನಲ್ಲಿ ಬಾಗಿಲ ಗಾಜಿನ ಮೂಲಕ ಎದುರು ಗೋಡೆಯ ಮೇಲೆ ನೀಲಿ ಬೆಳಕು ಬಡಿಯತೊಡಗಿತು.

ಹೊರಬಂದವರ ಮುಖ ಬೆವರಿ ಕೆಂಪಾಗಿತ್ತು. "ಬಾಜೂಕ ಯಾರಿದ್ರು?" ಎಂದು ಅವರದೇ ಪ್ರಶ್ನೆ ಕೇಳಿದೆ.

"ಡೆನಿಸ್ ಅಂತ, ಟ್ರಕ್ ಓಡಸ್ತಿದ್ದಾವ. ಪಾಪ, ಬಾಳ ಅಂಜತಾನ. ಎರಡ ವಾರ ಅವನ ಜೋಡಿ ಇರಬೇಕು ನೋಡು," ಎಂದರು ಉತ್ಸಾಹದಿಂದ.

ಪಾಟ್ಲಿಗಳನ್ನು ಅವರ ಅಂಗೈಗೆ ವಾಪಸಿಟ್ಟೆ. ಎರಡು ವಾರ! ಮಿಶಿಗನ್‌ಗೆ ವಾಪಸಾಗುವ ದಾರಿಯುದ್ದಕ್ಕೂ ಅದೇ ಚಿಂತೆ. ಡೆನಿಸ್‌ಗೆ ಧೈರ್ಯ ಬಂದರೆ ಮುಗಿಯಿತು, ಇವರು ಹನ್ನೆರಡನೇ ಸಲವೂ ಬಿಟ್ಟು ಬರುತ್ತಾರೆ.  ಡ್ರಾಪ್ ಮಾಡುವ ಕಡೆಯ ದಿನವನ್ನು ನನ್ನ ಫೋನಿನಲ್ಲಿ ಗುರುತು ಮಾಡಿಟ್ಟೆ. ಆ ದಿನ ಲ್ಯಾಬಿನ ಊಟದ ಬಿಡುವಿನಲ್ಲಿ ಕರೆದೆ.

"ಆಂಟಿ, ಇವತ್ತು ಏನ್ ದಿನ ಗೊತ್ತಾ?"

"ಗೊತ್ತೈತಿ. ಬಿಡೂ ದಿನ."

"ಡೆನಿಸ್ ಹೇಗಿದಾನೆ?"

"ಅಂವ ಹೋದ ವಾರನ ಬಿಟ್ಟು ಹ್ವಾದ."

"ಮತ್ತೆ... ನೀವು?"

ಆಚೆ ಕಡೆ ಏನೋ ಯಂತ್ರ ಗುಂಯ್ಯೆಂದಿತು. ಯಾರೋ ಕಬ್ಬಿಣ ಬಡಿದರು.

"ಮತ್ತೇನು ಮತ್ತ? ಹೆಲ್ಮೆಟ್ ಹಾಕ್ಕೋಬೇಕಾಗೈತಿ, ಫೋನ್ ಇಡವಾ."