ಮೌನದ ಮಠದಲ್ಲಿ ಷಡಕ್ಷರಪ್ಪನ ಸಾರು

ಮೌನದ ಮಹಿಮೆ ಸಾರುತ್ತಿದ್ದ ಮಂಗಳೂರಿನ ಫಾದರ್ ಆಂಬ್ರೋಸರ ಕೈಮೇಲೆ ಅಡುಗೆಯ ಷಡಕ್ಷರಪ್ಪ ಬಿಸಿ ಸಾರು ಸುರಿದುಬಿಟ್ಟ. ಪಾಪ, ಅವರು ಕಿರುಚುವಂತಿರಲಿಲ್ಲ. ಊಟದಲ್ಲಿ ಮಾತು ಕೂಡದೆಂದು ಕಟ್ಟಳೆ ಮಾಡಿದವರೇ ಅವರು.

ಭದ್ರಾವತಿಯ ಹೊರಗಿದ್ದ ಆ ಬೆನೆಡಿಕ್ಟೀನ್ ಸನ್ಯಾಸಿಗಳ ಮಠ ಹರಟೆಗೆ ಬಿದ್ದು ಸಡಿಲವಾಗಿತ್ತು. ಸಂತ ಬೆನೆಡಿಕ್ಟರ ಹಳೆಯ ನಿಯಮವನ್ನು ಮತ್ತೆ ಬಿಗಿ ಮಾಡಲೆಂದೇ ೧೯೫೯ರಲ್ಲಿ ಆಂಬ್ರೋಸರು ಬಂದಿದ್ದರು. ಇನ್ನು ಸಾಕು ಎನ್ನಲು ತಟ್ಟೆಗೆ ಕೈ ಅಡ್ಡ ಹಿಡಿಯಬೇಕು, ಅಷ್ಟೆ. ಆದರೆ ದುರ್ಗಿಗುಡಿಯ ಮದುವೆ ಪಂಕ್ತಿಗಳಲ್ಲಿ ಬಡಿಸಿ ಬೆಳೆದ ಷಡಕ್ಷರಪ್ಪನಿಗೆ ಅಡ್ಡ ಬಂದ ಕೈಯೆಂದರೆ ಬರೀ ಸಂಕೋಚ. ಅದನ್ನು ನಂಬಿ ಸೌಟು ಹಿಂತೆಗೆಯುವವನು ಜಿಪುಣ.

ಊಟ ಮುಗಿದದ್ದೇ ಫಾದರ್ ಸಿಡಿದರು. "ಎಷ್ಟು ಸಲ ಹೇಳೋದು ಮಾರಾಯ! ಕೈ ಅಡ್ಡ ಇಟ್ಟರೆ ಬೇಡ ಅಂತ!"

"ಎಲ್ಲರೂ ಹಂಗೇ ಅಂತಾರೆ ಬುದ್ಧಿ, ಆಮೇಲೆ ಉಣ್ತಾರೆ."

"ನಾಳೆಯಿಂದ ಬರಬೇಡ!"

"ಹಂಗನ್ನಬೇಡಿ! ಇನ್ಮೇಲೆ ಕೈ ಕಂಡ ಕೂಡಲೇ ಸೌಟು ಎತ್ತಿಬಿಡ್ತೀನಿ. ಕೆಲಸ ಮಾತ್ರ ಬಿಡಿಸಬೇಡಿ."

ಅವನ ಕಣ್ಣು ತುಂಬಿದ್ದು ಕಂಡು ಫಾದರ್ ಮೆತ್ತಗಾದರು. ಭದ್ರಾವತಿಯ ಕಾರ್ಖಾನೆಯ ಕ್ಯಾಂಟೀನಿನವರು ಕರೆದರೂ ಹೋಗದೆ ಇಲ್ಲೇ ನಿಂತವನು! ತಮ್ಮ ಸುಧಾರಣೆ ಒಬ್ಬನಿಗಾದರೂ ನಾಟಿತಲ್ಲ ಎಂದುಕೊಂಡು ಕೇಳಿದರು, "ಈ ಮೌನದಲ್ಲಿ ಅಂಥದ್ದೇನು ಕಂಡೆ, ಷಡಕ್ಷರಪ್ಪ?"

"ಉಪ್ಪು ಕಮ್ಮಿ ಅಂತ ಯಾರೂ ಬಯ್ಯಲ್ಲ, ಬುದ್ಧಿ."