ಒದ್ದೆಯಾಗದ ಕಾಲುಚೀಲ

ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳಲು ಶುರು ಮಾಡಿದರೆ ಕಾಫಿ ತರುವ ನೆಪದಲ್ಲಿ ಮೆಲ್ಲಗೆ ಎದ್ದು ಹೋಗುವವನು ನಾನು. ಎಲ್ಲ ನಿದ್ದೆಗೆಟ್ಟವರ ಕಲ್ಪನೆ ಎಂದು ತಳ್ಳಿಹಾಕುತ್ತಿದ್ದೆ. ಈಗ ನಾನೇ ಹೇಳಲು ಕೂತಿದ್ದೇನೆ. ನೀವು ಎದ್ದು ಹೋದರೆ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಮಕ್ಕಳ ಶಾಲೆಯ ಸ್ಪ್ರಿಂಗ್ ಬ್ರೇಕ್ ರಜೆಗೆ ಸ್ಯಾನ್ ಹೊಸೆಯ ನಮ್ಮ ಸ್ನೇಹಿತರೆಲ್ಲ ಹವಾಯಿ, ಮೆಕ್ಸಿಕೊ ಎಂದು ಬಿಸಿಲು ಹುಡುಕಿಕೊಂಡು ಹೊರಟಿದ್ದರು. ನನ್ನ ಹೆಂಡತಿ ವೀಣಾ ಓಕ್ಲ್ಯಾಂಡಿನಲ್ಲಿ ಡಾಕ್ಟರು. ಅವಳ ರಜೆ ಖಚಿತವಾಗುವಷ್ಟರಲ್ಲಿ ಬೆಚ್ಚಗಿನ ಊರುಗಳೆಲ್ಲ ಭರ್ತಿಯಾಗಿದ್ದವು. ನಮಗೆ ಸಿಕ್ಕಿದ್ದು ಟಾಹೋ ಬೆಟ್ಟದಲ್ಲಿ, ಇನ್ನೂ ಹಿಮ ಬೀಳುತ್ತಿದ್ದ ಕಡೆ, ಒಂದು ಮರದ ಮನೆ. ಧಾರವಾಡದಿಂದ ಬಂದಿದ್ದ ಅತ್ತೆ ಸ್ವೆಟರಿನ ಮೇಲೆ ಸ್ವೆಟರು ಹಾಕಿಕೊಂಡು, "ಎಲ್ಲಾರೂ ಬಿಸಲಿಗೆ ಹೊಂಟಾರ, ನಿಮಗ ಇದ್ದ ಥಂಡಿ ಸಾಲಲಿಲ್ಲೇನು?" ಎಂದು ದಾರಿಯುದ್ದಕ್ಕೂ ಕಾಲೆಳೆದರು.

ಅಲ್ಲಿ ನಾವು ಮಾಡಿದ ಮೊದಲ ಕೆಲಸವೇ ದಡ್ಡತನದ್ದು. ಹಿಮದ ಊರಿನಲ್ಲಿ ಬೂಟುಗಳನ್ನು ಯಾರೂ ಹೊರಗೆ ಬಿಡುವುದಿಲ್ಲ. ನಮಗೆ ಅದು ಹೊಳೆಯಲೇ ಇಲ್ಲ. ಚಪ್ಪಲಿ ಬಿಟ್ಟು ಒಳಗೆ ಬರುವ ಅಭ್ಯಾಸ ನೋಡಿ, ಮಗಳೂ ಸೇರಿ ನಾಲ್ವರೂ ಬಾಗಿಲಾಚೆಯ ಮೆಟ್ಟಿಲ ಮೇಲೆ ಸಾಲಾಗಿ ಬಿಟ್ಟು ಒಳಗೆ ಹೋದೆವು. ಊಟ ಮುಗಿಯುವಷ್ಟರಲ್ಲಿ ಎಲ್ಲವೂ ಹಿಮದಲ್ಲಿ ಹೂತುಹೋಗಿದ್ದವು.

ಮಧ್ಯಾಹ್ನ ಹಿಮ ಬೀಳುವುದು ನಿಂತಿತು. ವೀಣಾ ಸ್ನಾನಕ್ಕೆ ಹೋದಳು. ಅತ್ತೆ ಅಡುಗೆಕಟ್ಟೆಯ ಬಳಿ ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚುತ್ತಿದ್ದರು. ನಾನು ಸೋಫಾದಲ್ಲಿ ಅಡ್ಡಾದೆ. ಮಗಳು ಇಳಾ, ಆಗ ಆರು ವರ್ಷದವಳು, ನನ್ನ ಪಕ್ಕದಲ್ಲೇ ಚಿತ್ರ ಬರೆಯುತ್ತಿದ್ದಳು. ನನಗೆ ಜೊಂಪು ಹತ್ತಿತು.

"ಕೂಸು ಎಲ್ಲದ?" ಎಂಬ ಅತ್ತೆಯ ಕೂಗಿಗೆ ಎಚ್ಚರವಾಯಿತು. ಹಾಸಿಗೆಯ ಕೆಳಗೆ, ಕಪಾಟಿನೊಳಗೆ, ಎಲ್ಲಿಯೂ ಇಲ್ಲ. ಮೆಟ್ಟಿಲ ಮೇಲೆ ಅವಳ ಪುಟ್ಟ ಬೂಟುಗಳು ಹಿಮ ತುಂಬಿಕೊಂಡು ಹಾಗೇ ಇದ್ದವು. ಸುತ್ತ ಒಂದು ಹೆಜ್ಜೆಯ ಗುರುತೂ ಇರಲಿಲ್ಲ. ಕತ್ತಲಾಗುವ ಮುನ್ನ ಸಿಗದಿದ್ದರೆ ಆ ಚಳಿಯಲ್ಲಿ ಮಗು ಉಳಿಯುವುದಿಲ್ಲ ಎಂದು ಮೂವರಿಗೂ ಗೊತ್ತಿತ್ತು. ನಾನು ಬೂಟಿನ ಹಿಮವನ್ನೂ ಕೊಡವದೆ ಹಾಗೇ ಕಾಲು ತುರುಕಿ ಓಡಿದೆ.

ನಮ್ಮ ಮನೆಯೆದುರಿನ ಬಯಲಿನಾಚೆ ಬೀಗ ಹಾಕಿದ್ದ ಇನ್ನೊಂದು ಮನೆಯಿತ್ತು. ಅದರ ಜಗಲಿಯಲ್ಲಿ ಇಳಾ ಕಾಲು ಮಡಚಿ ಕೂತಿದ್ದಳು. ಮೊಣಕಾಲುದ್ದದ ಹಿಮದಲ್ಲಿ ಅಲ್ಲಿಯವರೆಗೆ ನಾನು ಮಾಡಿದ ದಾರಿಯೊಂದೇ ಇತ್ತು.

ಎತ್ತಿಕೊಂಡು ಬಂದೆ. ವೀಣಾ ಅವಳ ಕಾಲುಗಳನ್ನು ಅಂಗೈಯಲ್ಲಿ ಹಿಡಿದಳು, ನನ್ನ ಮುಖ ನೋಡಿದಳು. ಕಾಲುಚೀಲ ಒಣಗಿತ್ತು. ಪಾದ ಬೆಚ್ಚಗಿತ್ತು.

"ಹೇಗ್ ಹೋದೆ ಪುಟ್ಟಾ ಅಲ್ಲಿಗೆ?" ಎಂದು ವೀಣಾ ಕೇಳಿದಳು.

ಇಳಾ ಸಿಟ್ಟಿನಿಂದ ನನ್ನತ್ತ ಬೆರಳು ತೋರಿಸಿದಳು. "ಅಪ್ಪ ಕ್ಯಾರೀಡ್ ಮೀ. ಹೀ ಸೆಡ್ ವೇಟ್ ಹಿಯರ್."

ನಾನೇ ಎತ್ತಿಕೊಂಡು ಹೋದೆನಂತೆ, ಇಲ್ಲೇ ಇರು ಎಂದೆನಂತೆ! "ಅವರು ಸೋಫಾ ಬಿಟ್ಟು ಎದ್ದೇ ಇಲ್ಲ, ನನ್ನ ಕಣ್ಣ ಮುಂದನ ಮಲಗಿದ್ರಲ್ಲ," ಎಂದು ಅತ್ತೆ ಆಣೆ ಮಾಡಿದರು. ನಾನು ಎದ್ದಿದ್ದರೂ ಹಿಮದಲ್ಲಿ ನನ್ನ ಹೆಜ್ಜೆ ಮೂಡಬೇಕಿತ್ತಲ್ಲ? ಎಷ್ಟು ಯೋಚಿಸಿದರೂ ಲೆಕ್ಕ ಹೊಂದುವುದಿಲ್ಲ. ಇಳಾ ಈಗ ಮಿಡ್ಲ್ ಸ್ಕೂಲಿನಲ್ಲಿದ್ದಾಳೆ. ಕೇಳಿದರೆ ಇಂದಿಗೂ ಅದನ್ನೇ ಹೇಳುತ್ತಾಳೆ, ಅದರಲ್ಲಿ ವಿಚಿತ್ರವೇನಿದೆ ಎನ್ನುವ ಹಾಗೆ.

ಮಗಳನ್ನು ಎತ್ತಿಕೊಂಡು ಹೋದವರು ಯಾರೆಂದು ನನಗೆ ಗೊತ್ತಿಲ್ಲ. ಆದರೆ ಅಂದಿನಿಂದ "ಇಲ್ಲೇ ಇರು, ಬಂದೆ" ಎಂದು ಅವಳಿಗೆ ಹೇಳಲು ನನ್ನ ನಾಲಿಗೆ ಏಳುವುದಿಲ್ಲ.